ಕೋಪದಿಂದ ಶುರುವಾದ ಪಾಠ

"ಅದು ನನ್ನ ಕುರ್ಚಿ. ಏಳಿ ಮೇಲೆ!"

ಬಾಗಿಲಲ್ಲಿ ನಿಂತ ಆರ್ಗೀರೋಳ ದನಿಗೆ ಇಡೀ ತರಗತಿ ಗಕ್ಕನೆ ತಿರುಗಿತು.

ಅಮ್ಮನ ಶಸ್ತ್ರಚಿಕಿತ್ಸೆಗೆಂದು ಥೆಸಲೋನಿಕಿಗೆ ಹೋಗಿದ್ದವಳು ಆವತ್ತು ಬೆಳಗಿನ ಹಡಗಿನಲ್ಲಷ್ಟೇ ಲಿಮ್ನೋಸ್ ದ್ವೀಪಕ್ಕೆ ಮರಳಿದ್ದಳು. ಮನೆಗೂ ಹೋಗದೆ, ಕೈಚೀಲ ಹಿಡಿದುಕೊಂಡೇ ಪಾಲಿಯೋಖೋರಿ ಊರಿನ ಶಾಲೆಗೆ ಓಡಿ ಬಂದಿದ್ದಳು. ನೋಡಿದರೆ... ಅವಳ ಕುರ್ಚಿಯಲ್ಲಿ ಯಾರೋ ಒಬ್ಬ! ಕೆದರಿದ ಕೂದಲು, ಮೊಣಕೈವರೆಗೆ ಮಡಚಿದ ಅಂಗಿಯ ತೋಳು, ಕೈಯಲ್ಲಿ ಸೀಮೆಸುಣ್ಣ.

"ಪಾಠ ನಡೀತಿದೆ ಮೇಡಂ. ಹತ್ತು ನಿಮಿಷ ತಾಳಿ." ಅವನು ಏಳಲಿಲ್ಲ. ಮಕ್ಕಳ ಕಡೆಗೆ ತಿರುಗಿ ಮುಂದುವರಿಸಿದ. "ಹಾಗಾಗಿ, ಈ ಕಾವ್ಯ ಇರೋದು ಕೋಪದ ಬಗ್ಗೆ. ಇಬ್ಬರು ನಾಯಕರು ಒಂದು ಸೆರೆ ಹುಡುಗಿಗಾಗಿ ಕಿತ್ತಾಡ್ತಾರೆ ನಿಜ. ಆದರೆ ಆ ಹುಡುಗಿ ಬರೀ ಒಂದು ನೆಪ."

ನೆಪ!

ಆರ್ಗೀರೋಳ ಕಿವಿ ಬಿಸಿಯಾಯಿತು. ಪ್ರತಿ ವರ್ಷ ಈ ತರಗತಿಗೆ ಟ್ರಾಯ್ ಯುದ್ಧದ ಮಹಾಕಾವ್ಯ ಕಲಿಸುವವಳು ಅವಳು. ಆ ಹುಡುಗಿಯನ್ನು ಎಳೆದುಕೊಂಡು ಹೋಗುವ ಭಾಗ ಬಂದಾಗಲೆಲ್ಲ ಪುಸ್ತಕ ಮುಚ್ಚಿ ಅವಳು ಮಕ್ಕಳಿಗೆ ಕೇಳುತ್ತಿದ್ದ ಪ್ರಶ್ನೆ ಒಂದೇ: ಆಗ ಅವಳಿಗೆ ಏನನ್ನಿಸಿರಬಹುದು?

"ನೆಪಾನಾ?" ಅವಳು ಕೈಚೀಲವನ್ನು ಮೇಜಿನ ಮೇಲೆ ಕುಕ್ಕಿದಳು. "ಅಪ್ಪ, ಅಮ್ಮ, ಊರು ಎಲ್ಲ ಕಳ್ಕೊಂಡು ಶತ್ರುವಿನ ಗುಡಾರದಲ್ಲಿ ನಿಂತಿರೋಳು ನಿಮಗೆ ನೆಪವಾಗಿ ಕಾಣ್ತಾಳಾ? ಮಕ್ಕಳೇ, ಇವರು ಹೇಳಿದ್ದೆಲ್ಲ ಅಳಿಸಿ ಹಾಕಿ!"

"ಅಳಿಸಬೇಡಿ," ಎಂದ ಅವನು ಶಾಂತವಾಗಿ. "ಎರಡನ್ನೂ ಬರ್ಕೊಳ್ಳಿ."

ಆ ಶಾಂತಿಯೇ ಅವಳನ್ನು ಉರಿಸಿದ್ದು!

ಅವನ ಹೆಸರು ಸ್ಟ್ರಾಟಿಸ್. ಈ ವರ್ಷದ ಮಟ್ಟಿಗೆ ಬಂದ ತಾತ್ಕಾಲಿಕ ಮೇಷ್ಟ್ರು. ಪ್ರಿನ್ಸಿಪಾಲ್ ಥಿಯೋಫಿಲೋಸ್ ಕಾವ್ಯದ ಪಾಠವನ್ನು ಅವಳಿಗೇ ಹಿಂತಿರುಗಿಸಿ, ಅವನಿಗೆ ಹಳೆಯ ಗ್ರೀಕ್ ವ್ಯಾಕರಣ ಕೊಟ್ಟರು. ಆದರೆ ಶಿಕ್ಷಕರ ಕೋಣೆಯಲ್ಲಿ ಇಬ್ಬರಿಗೂ ಎದುರುಬದುರು ಮೇಜು.

ಜಗಳಕ್ಕೆ ಕಾರಣವೇ ಬೇಕಿರಲಿಲ್ಲ. ಅವಳು ಕಿಟಕಿ ತೆರೆದರೆ ಅವನು ಮುಚ್ಚುತ್ತಿದ್ದ. ಅವನು ಚೀಸ್ ಪೈ ತಂದು ಎಲ್ಲರಿಗೂ ಹಂಚಿದರೆ ಅವಳು ಮುಟ್ಟುತ್ತಿರಲಿಲ್ಲ.

"ವಿಷ ಹಾಕಿಲ್ಲ ಮೇಡಂ, ತಿನ್ನಿ."

"ನಿಮ್ಮ ಕೈಯಿಂದ ಬಂದ್ರೆ ಬೇರೆ ಹಾಕೋದು ಬೇಕಾಗಿಲ್ಲ."

ಅವನು ನಗುತ್ತಿದ್ದ. ಪಕ್ಕದ ತರಗತಿಯಲ್ಲಿ ಅವನು ಹಳೆಯ ಸಾಲುಗಳನ್ನು ರಾಗವಾಗಿ ಓದುವಾಗ, ಅವಳ ಕೈಯ ಸೀಮೆಸುಣ್ಣ ಹಲಗೆಯ ಮೇಲೆ ತನ್ನಷ್ಟಕ್ಕೆ ನಿಂತುಬಿಡುತ್ತಿತ್ತು. 'ಛೆ! ಈ ಮನುಷ್ಯನ ದನಿ ನಾನ್ಯಾಕೆ ಕೇಳ್ತಾ ನಿಂತಿದ್ದೀನಿ?' ಎಂದು ತನ್ನ ಮೇಲೆಯೇ ಸಿಡುಕಿ, ಮತ್ತಷ್ಟು ಒತ್ತಿ ಬರೆಯುತ್ತಿದ್ದಳು.

ಆ ವಸಂತದಲ್ಲಿ ಅವಳು ಮಕ್ಕಳ ಜೊತೆ ಕೂತು ಒಂದು ನಾಟಕ ಕಟ್ಟಿದಳು. ಅದರಲ್ಲಿ ವೀರರು ಸುಮ್ಮನಿರುತ್ತಾರೆ, ಸೆರೆ ಹುಡುಗಿ ಮಾತಾಡುತ್ತಾಳೆ. ಆ ಪಾತ್ರ ಮಿರ್ಸಿನಿಯದು. ಹದಿನೈದರ ಹುಡುಗಿ, ತರಗತಿಯಲ್ಲಿ ಬಾಯಿ ಬಿಡದವಳು. ವೇದಿಕೆ ಹತ್ತಿದರೆ ಮಾತ್ರ ಬೆಂಕಿ!

ಶಾಲೆ ಮುಗಿಯುವ ವಾರಕ್ಕೆ ನಾಟಕ ಎಂದು ನಿಗದಿಯಾಗಿತ್ತು. ಅಷ್ಟರಲ್ಲಿ ಪ್ರಿನ್ಸಿಪಾಲ್ ಅವಳನ್ನು ಕರೆಸಿದರು.

"ನಾಟಕ ನಿಲ್ಲಿಸಮ್ಮ. ದೂರು ಬಂದಿದೆ. ಪೂರ್ವಿಕ ವೀರರಿಗೆ ಅವಮಾನ ಮಾಡ್ತಿದ್ದೀಯಂತೆ, ಮಕ್ಕಳ ತಲೆ ಕೆಡಿಸ್ತಿದ್ದೀಯಂತೆ."

"ಯಾರು ಹೇಳಿದ್ದು?"

"ಹೆಸರು ಹೇಳೋ ಹಾಗಿಲ್ಲ. 'ಕಾವ್ಯದಲ್ಲಿ ಆ ಹುಡುಗಿ ಬರೀ ನೆಪ, ಅವಳ ಮೇಲೆ ನಾಟಕ ಯಾಕೆ' ಅಂತ ನನ್ನ ಮುಂದೆ ಕೂತು ಕೂಗಾಡಿದ್ರು. ನನಗೂ ನಿವೃತ್ತಿ ಹತ್ತಿರ, ರಗಳೆ ಬೇಡ."

ನೆಪ... ಅದೇ ಪದ! ಆರ್ಗೀರೋ ಅಲ್ಲಿಂದ ನೇರ ಬಂದರಿಗೆ ನಡೆದಳು.

ಸ್ಟ್ರಾಟಿಸ್ ಬಂದರಿನ ಕಾಫಿ ಅಂಗಡಿಯಲ್ಲಿ ಕೂತಿದ್ದ. ಸುತ್ತ ಮೀನುಗಾರರು, ಮುದುಕರು, ಪಾದ್ರಿ. ಅವಳು ಯಾರನ್ನೂ ನೋಡಲಿಲ್ಲ.

"ಎದುರಿಗೆ ನಿಂತು ಜಗಳ ಆಡೋ ಗಂಡಸು ಅಂದ್ಕೊಂಡಿದ್ದೆ. ಬೆನ್ನ ಹಿಂದೆ ಚಾಡಿ ಹೇಳೋನು ನೀವು!"

ಮುದುಕರು ಲೋಟ ಕೆಳಗಿಟ್ಟು ತಿರುಗಿದರು. ಅವನ ಮುಖದ ನಗು ಆರಿತು.

"ಏನಾಯ್ತು ಮೇಡಂ?"

"ನಾಟಕ ನಿಲ್ಲಿಸಿದ್ರಲ್ಲ, ಖುಷೀನಾ? ಮಕ್ಕಳು ಎರಡು ತಿಂಗಳಿಂದ ಅಭ್ಯಾಸ ಮಾಡಿದ್ರು!"

"ನಾನು ದೂರು ಕೊಟ್ಟಿಲ್ಲ."

"ಮತ್ಯಾರು ಕೊಟ್ಟಿದ್ದು? ಗೊತ್ತಾ ನಿಮಗೆ?"

ಅವನು ಬಾಯಿ ತೆರೆದ... ಮತ್ತೆ ಮುಚ್ಚಿದ. ಕಣ್ಣು ಕಾಫಿ ಲೋಟದ ಮೇಲಿಳಿಯಿತು.

"ನೋಡಿ! ಸುಳ್ಳು ಹೇಳೋಕೂ ಧೈರ್ಯ ಇಲ್ಲ ನಿಮಗೆ!"

ಮನೆಗೆ ಬಂದು ಅವಳು ಅತ್ತಳು. ಅದು ಸಿಟ್ಟಿನ ಅಳು ಎಂದುಕೊಂಡಳು. ಆದರೆ ಎದೆಯೊಳಗೆ ಏನೋ ಬೇರೆಯೇ ಮುರಿದಿತ್ತು. 'ಅವನು ಹಾಗಲ್ಲ ಅಂತ ನಾನ್ಯಾಕೆ ನಂಬಿದ್ದೆ?'

ಮರುದಿನ ಅವಳು ಪ್ರಿನ್ಸಿಪಾಲರಿಗೆ ಖಡಾಖಂಡಿತವಾಗಿ ಹೇಳಿದಳು. "ಕಾವ್ಯದ ಪಾಠ ನಾನಿನ್ನು ಮಾಡಲ್ಲ. ಅವರಿಗೇ ಕೊಡಿ." ತನ್ನ ಖಾಲಿ ತರಗತಿಯಲ್ಲಿ ಬಾಗಿಲು ಮುಚ್ಚಿ ಕೂತಳು. ಮಕ್ಕಳು ಬಂದು ಬಡಿದರೂ ತೆರೆಯಲಿಲ್ಲ.

ಕೊನೆಗೆ ಬಾಗಿಲು ತಳ್ಳಿಕೊಂಡು ಬಂದವನು ಸ್ಟ್ರಾಟಿಸ್. ಈ ಸಲ ಅವನಲ್ಲಿ ಆ ಶಾಂತಿ ಇರಲಿಲ್ಲ.

"ನನ್ನ ಬೈದ್ರಿ, ಊರಿನ ಮುಂದೆ ಮರ್ಯಾದೆ ಕಳೆದ್ರಿ, ಸಹಿಸ್ಕೊಂಡೆ. ಮಕ್ಕಳು ನಿಮಗೇನು ಮಾಡಿದ್ರು? ಅಲ್ಲಿ ನಿಮ್ಮವರು ಸೋಲ್ತಿದ್ದಾರೆ, ನೀವಿಲ್ಲಿ ಆ ಕಾವ್ಯದ ನಾಯಕನ ಹಾಗೆ ಗುಡಾರದಲ್ಲಿ ಮುನಿಸಿಕೊಂಡು ಕೂತಿದ್ದೀರಿ! ಇದನ್ನೇನಾ ನೀವು ಅಷ್ಟು ವರ್ಷ ಪಾಠ ಮಾಡಿದ್ದು?"

ಅವಳ ಕೆನ್ನೆಗೆ ಹೊಡೆದ ಹಾಗಾಯಿತು. 

ಆಗ ಅವನ ಬೆನ್ನ ಹಿಂದಿನಿಂದ ಬಿಕ್ಕುವ ಸದ್ದು ಕೇಳಿತು. ಮಿರ್ಸಿನಿ.

"ಸರ್‌ನ ಬೈಬೇಡಿ ಮೇಡಂ... ದೂರು ಕೊಟ್ಟಿದ್ದು ನಮ್ಮಪ್ಪ."

"ಮಿರ್ಸಿನಿ, ನೀನು ಹೇಳ್ಬೇಕಾಗಿಲ್ಲ," ಎಂದ ಸ್ಟ್ರಾಟಿಸ್ ಮೆತ್ತಗೆ.

"ಇಲ್ಲ ಸರ್, ಹೇಳ್ತೀನಿ." ಹುಡುಗಿ ಕಣ್ಣೊರೆಸಿಕೊಂಡಳು. "ನಮ್ಮಮ್ಮ ಪಿರಿಯಸ್‌ನಲ್ಲಿದ್ದಾಳೆ ಮೇಡಂ. ಇಬ್ರೂ ಬೇರೆಯಾಗಿ ಒಂದು ವರ್ಷ ಆಯ್ತು. ನಾನು ಯಾರ ಹತ್ರ ಇರ್ಬೇಕು ಅಂತ ದಿನಾ ಫೋನಲ್ಲಿ ಕಿತ್ತಾಡ್ತಾರೆ. ಒಂದಿನ ಊಟದ ಹೊತ್ತಲ್ಲಿ ನಂಗೆ ತಡೀಲಿಲ್ಲ. 'ನಾನೇನು ಬರೀ ನೆಪಾನಾ? ನನ್ನನ್ನ ಯಾರಾದ್ರೂ ಕೇಳಿದ್ರಾ?' ಅಂದುಬಿಟ್ಟೆ. ನಿಮ್ಮ ನಾಟಕದ ಮಾತೇ ಅದು. ಯಾರು ಇದನ್ನೆಲ್ಲ ಕಲಿಸಿದ್ದು ಅಂತ ಅಪ್ಪ ನನ್ನ ನೋಟ್‌ಬುಕ್ ತೆಗೆದು ನೋಡಿ, ಎದ್ದು ಶಾಲೆಗೆ ಬಂದ್ರು... ನೀವು ನನ್ನ ಮುಖ ನೋಡಲ್ವೇನೋ ಅಂತ ಹೆದರಿಕೆ ಆಯ್ತು. ಸರ್‌ಗೆ ಮಾತ್ರ ಹೇಳಿ, ಯಾರಿಗೂ ಹೇಳ್ಬೇಡಿ ಅಂತ ಆಣೆ ಹಾಕಿಸ್ಕೊಂಡಿದ್ದೆ."

ಆರ್ಗೀರೋ ಹುಡುಗಿಯನ್ನು ಬಾಚಿ ತಬ್ಬಿಕೊಂಡಳು. ಅವಳ ತಲೆಯ ಮೇಲಿಂದ ಸ್ಟ್ರಾಟಿಸ್‌ನನ್ನು ನೋಡಿದಳು. ಇಡೀ ಬಂದರಿನೆದುರು ಬೈಸಿಕೊಂಡೂ ಇವನು ಒಂದು ಮಗುವಿನ ಗುಟ್ಟು ಕಾಪಾಡಿದ್ದ!

ಮಿರ್ಸಿನಿಯ ಅಪ್ಪನನ್ನು ಹುಡುಕಿಕೊಂಡು ಮೂವರೂ ದೋಣಿಗಳ ಕಡೆಗೆ ನಡೆದರು. ದಾರಿಯಲ್ಲಿ ಸ್ಟ್ರಾಟಿಸ್ ತಗ್ಗಿದ ದನಿಯಲ್ಲಿ ಹೇಳಿದ. "ಕಾವ್ಯದ ಆ ಹುಡುಗಿ ವಿಷಯದಲ್ಲಿ ನಂದೇ ತಪ್ಪು. ಮಿರ್ಸಿನಿ ಅಭ್ಯಾಸ ಮಾಡೋದನ್ನ ಕದ್ದು ನೋಡಿದ ಮೇಲೆ ನಾನು ನೆಪ ಅನ್ನೋ ಪದ ಬಳಸಿಲ್ಲ."

"ಮೊದಲೇ ಹೇಳೋಕೆ ಏನಾಗಿತ್ತು?" ಎಂದಳು ಅವಳು ಸಿಡುಕಿ. 

ಮಿರ್ಸಿನಿಯ ಅಪ್ಪ ಪ್ರೋಕೋಪಿಸ್ ಬಲೆ ಹೊಲಿಯುತ್ತಿದ್ದ. ಇವರನ್ನು ನೋಡಿದ್ದೇ ಎದ್ದು ನಿಂತ.

"ಓಹೋ, ಪಾಠ ಇಲ್ಲಿವರೆಗೂ ಬಂತಾ? ನನ್ನ ಮನೆ ವಿಷಯ ನಿಮಗ್ಯಾಕೆ?"

"ಯಾಕಂದ್ರೆ ನಿಮ್ಮ ಮಗಳು..." ಆರ್ಗೀರೋ ಮುನ್ನುಗ್ಗಿದಳು. ಸ್ಟ್ರಾಟಿಸ್ ಅವಳ ತೋಳು ಹಿಡಿದ.

"ನಾವು ಬಾಯಿ ಮುಚ್ಕೊಳ್ಳೋಣ. ಅವಳು ಮಾತಾಡ್ಲಿ."

ಮಿರ್ಸಿನಿ ಮುಂದೆ ಬಂದಳು. ಇಲ್ಲಿ ವೇದಿಕೆ ಇರಲಿಲ್ಲ, ಬರೆದುಕೊಟ್ಟ ಮಾತೂ ಇರಲಿಲ್ಲ.

"ನಂಗೆ ಇಲ್ಲೇ ಇರ್ಬೇಕು ಅಪ್ಪ, ನಿನ್ನ ಹತ್ರ. ರಜೆಯಲ್ಲಿ ಅಮ್ಮನ ಹತ್ರ ಹೋಗ್ಬೇಕು. ನೀವಿಬ್ರೂ ನನ್ನನ್ನ ಎಳೆದಾಡಿದ್ರೆ ನಾನು ಇಬ್ರ ಹತ್ರಾನೂ ಇರಲ್ಲ. ನಂಗೆ ನಿಮ್ಮಿಬ್ರ ಮೇಲೂ ತುಂಬಾ ಕೋಪ ಬಂದಿದೆ!"

ಪ್ರೋಕೋಪಿಸ್ ಮಗಳ ಹತ್ತಿರ ಬಂದ. ಬಲೆಯ ಸೂಜಿ ಕೈಯಲ್ಲೇ ಇತ್ತು. ಅವನ ಗಡ್ಡ ಅದುರಿತು.

"ಇಷ್ಟು ದಿನ ಇದನ್ನ ಒಳಗೇ ಇಟ್ಕೊಂಡಿದ್ದೆಯಾ, ನನ್ನ ಕಂದಾ?"

ಆಮೇಲೆ ಆರ್ಗೀರೋಳ ಕಡೆ ತಿರುಗಿ, ಕಣ್ಣು ತಪ್ಪಿಸುತ್ತ ಗೊಣಗಿದ. "ಪ್ರಿನ್ಸಿಪಾಲ್ ಹತ್ರ ನಾನೇ ಮಾತಾಡ್ತೀನಿ. ನಾಟಕ ಎಷ್ಟು ಗಂಟೆಗೆ?"

ನಾಟಕ ಶಾಲೆಯ ಅಂಗಳದಲ್ಲಿ, ಇನ್ನೂ ಬಿಸಿಲಿರುವಾಗಲೇ ನಡೆಯಿತು. ಹಾಸಿಗೆಯ ಚಾದರಗಳೇ ಉಡುಪು. ಮಿರ್ಸಿನಿ ಮಾತಾಡುವಾಗ ಅಂಗಳದಲ್ಲಿ ಒಬ್ಬರೂ ಕೆಮ್ಮಲಿಲ್ಲ. ಮುಂದಿನ ಸಾಲಿನಲ್ಲಿ ಪ್ರೋಕೋಪಿಸ್, ಆ ತುದಿಯಲ್ಲಿ ಪಿರಿಯಸ್‌ನಿಂದ ಬಂದ ತಾಯಿ. ಇಬ್ಬರೂ ಒಂದೇ ಮುಖವನ್ನು ನೋಡುತ್ತ ಅಳುತ್ತಿದ್ದರು.

ಎಲ್ಲರೂ ಹೋದ ಮೇಲೆ ಕುರ್ಚಿ ಮಡಚಲು ಉಳಿದವರು ಇಬ್ಬರೇ.

"ಗುರುವಾರದ ಹಡಗಿಗೆ ಹೊರಟಿದ್ದೀನಿ," ಎಂದ ಸ್ಟ್ರಾಟಿಸ್. "ನನ್ನ ವರ್ಷ ಮುಗೀತು."

ಕುರ್ಚಿ ಅವಳ ಕೈಯಿಂದ ಜಾರಿ ಬಿತ್ತು.

"ಹೊರಟಿದ್ದೀರಾ? ಹೀಗೆ ಕುರ್ಚಿ ಮಡಚ್ತಾ ಹೇಳೋ ವಿಷಯಾನಾ ಇದು? ಎಲ್ಲಾನೂ ಬಾಯೊಳಗೇ ಇಟ್ಕೊಂಡು ಸಾಯ್ತೀರಾ ನೀವು!"

"ಇನ್ನೂ ಒಂದು ವಿಷಯ ಬಾಯೊಳಗಿದೆ. ಹೇಳೋಕೆ ಬಂದಾಗಲೆಲ್ಲ ನೀವು ಜಗಳಕ್ಕೆ ನಿಂತ್ರಿ."

"ಈಗ ಹೇಳಿ!"

"ಕಿರುಚಬೇಡಿ, ಹೇಳ್ತೀನಿ." ಅವನು ಕೈಯಲ್ಲಿದ್ದ ಕುರ್ಚಿ ಕೆಳಗಿಟ್ಟ. "ಮುಂದಿನ ವರ್ಷಕ್ಕೆ ಮೊದಲ ಆಯ್ಕೆ ಅಂತ ಈ ದ್ವೀಪವನ್ನೇ ಕೇಳಿದ್ದೀನಿ. ಕೊಡ್ತಾರೋ ಇಲ್ವೋ ಗೊತ್ತಿಲ್ಲ. ಕೊಡದೇ ಇದ್ರೂ ಸಿಕ್ಕ ಹಡಗು ಹತ್ತಿ ಬರ್ತೀನಿ. ನಿನ್ನ ಬಿಟ್ಟು ಇರೋಕೆ ನನ್ನಿಂದ ಆಗಲ್ಲ, ಆರ್ಗೀರೋ."

ನಿನ್ನ... ಮೊದಲ ಸಲ ಅವನು ಅವಳನ್ನು ಹಾಗೆ ಕರೆದಿದ್ದ. ಅವಳ ಕಣ್ಣು ತುಂಬಿ ಬಂತು.

"ಕಾಫಿ ಅಂಗಡೀಲಿ ಅಷ್ಟು ಬೈದೆನಲ್ಲ... ಆಗ್ಲೂ?"

"ಆಗ್ಲೂ."

ಅವಳು ಅವನ ಸೀಮೆಸುಣ್ಣ ಹಿಡಿಯುವ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಇಬ್ಬರೂ ಬಂದರಿನ ಇಳಿಜಾರಿನಲ್ಲಿ ನಡೆದರು.

"ಕೋಪ ಹೋಯ್ತಾ?" ಅವನು ಕೇಳಿದ.

"ಇಲ್ಲ."

"ಮತ್ತೆ ಕೈ ಯಾಕೆ ಬಿಡ್ತಿಲ್ಲ?"

"ಕೋಪದಲ್ಲೇ ಹಿಡ್ಕೊಂಡಿದ್ದೀನಿ," ಎಂದಳು ಅವನ ಭುಜಕ್ಕೆ ಒರಗುತ್ತ. "ಸುಮ್ನೆ ನಡಿ."