ಸೋಮವಾರದ ಭದ್ರತಾ ಪತ್ರ

1952ರ ಫೆಬ್ರವರಿ 13, ಬುಧವಾರ. ಬೆಳಿಗ್ಗೆ ಒಂಬತ್ತಕ್ಕೆ ಬಾದನಹಟ್ಟಿಯ ಹೊನ್ನೂರಮ್ಮ ಕುರುಗೋಡು ಠಾಣೆಯ ಮೆಟ್ಟಿಲ ಮೇಲೆ ಬಂದು ಕೂತಳು. ಒಳಗೆ ಬಾ ಎಂದರೂ ಏಳಲಿಲ್ಲ. ಸಬ್ ಇನ್ಸ್‌ಪೆಕ್ಟರ್ ಚಂದ್ರಣ್ಣನೇ ಹೊರಗೆ ಬಂದ.

ಅವಳ ಗಂಡ ಎರ್ರಣ್ಣ ಕಲ್ಲುಕಟ್ಟಡದ ಮೇಸ್ತ್ರಿ. ಹೊಸ ಕಾಲುವೆ ಹಳ್ಳವನ್ನು ದಾಟುವಲ್ಲಿ ಎತ್ತರದ ಕಲ್ಲಿನ ಕಂಬಗಳು ಏಳುತ್ತಿದ್ದವು. ಸೋಮವಾರ ಹತ್ತು ಗಂಟೆಗೆ ರಾಟೆಯ ಹಗ್ಗ ಹರಿದು, ಮೇಲೆ ಹೋಗುತ್ತಿದ್ದ ಕಲ್ಲು ಕೆಳಗಿದ್ದ ಎರ್ರಣ್ಣನ ಮೇಲೆ ಬಿತ್ತು. ಅಂದು ಚಂದ್ರಣ್ಣ ಬಳ್ಳಾರಿಯ ಕೋರ್ಟಿನಲ್ಲಿದ್ದ. ದಫೇದಾರ ಜೋಗಪ್ಪ ಶವದ ಪಂಚನಾಮೆ ಮಾಡಿ, ಆಕಸ್ಮಿಕ ಮರಣವೆಂದು ಬರೆದು ಮುಗಿಸಿದ್ದ.

"ಏನಾಗಬೇಕವ್ವ?"

"ಕಾಮಗಾರಿ ಕಾಗದದಾಗ ನಮ್ಮವರದ ತಪ್ಪು ಅಂತ ಬರದಾರಂತ್ರಿ. ಹೊಸ ಹಗ್ಗ ಕೊಟ್ರೂ ಹಳೇದು ಕಟ್ಟಿಸಿದ್ರಂತ. ಜೀವ ಹೋತು, ಅದನ್ನೇನು ನೀವು ತಂದು ಕೊಡೋದಿಲ್ಲ. ಆ ಮಾತಷ್ಟು ಅಳಸ್ರಿ."

"ಹಗ್ಗ ನೋಡೋರು ಯಾರು?"

"ಅಲ್ಲಿ ಲೆಕ್ಕ ಬರಿಯೋ ರೈಟರಣ್ಣರಿ, ಹಂಪಯ್ಯ. ಆಳು ಬರೋದ್ರೊಳಗ ನೋಡಿರ್ತಾನ ಅಂತ ನಮ್ಮವರು ಅನ್ನೋರು. ಆ ನಂಬಿಕಿ ಮ್ಯಾಲೇ ಕಲ್ಲಿನ ಕೆಳಗ ನಿಂದ್ರೋರು."

ಅವಳು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡು ಚಂದ್ರಣ್ಣ ಎಫ್.ಐ.ಆರ್. ದಾಖಲಿಸಿದ. ಕೆಳಗೆ ಬರೆದ ವೇಳೆ 9-50.

ಹನ್ನೊಂದೂವರೆಗೆ ಅವನೂ ಜೋಗಪ್ಪನೂ ಸೈಕಲ್ ಮೇಲೆ ಕಾಮಗಾರಿಗೆ ಬಂದರು. ಕೆಲಸ ನಿಂತಿತ್ತು. ಉಗ್ರಾಣ ಕಾಯುವ ಕೆಂಚಣ್ಣ ಒಬ್ಬನೇ ಇದ್ದ. ಹರಿದ ಹಗ್ಗದ ತುದಿಯನ್ನು ಚಂದ್ರಣ್ಣ ಬೆರಳಿನಲ್ಲಿ ಹಿಸುಕಿದ. ಎಳೆಗಳು ಒಳಗಿನಿಂದ ಕಪ್ಪಾಗಿ, ಹಿಟ್ಟಿನಂತೆ ಉದುರಿದವು. ಉಗ್ರಾಣದ ಮೂಲೆಯಲ್ಲಿ ಗೋಣಿ ಸುತ್ತಿದ ಹೊಸ ಹಗ್ಗದ ಸಿಂಬಿ ಬಿದ್ದಿತ್ತು. ಗೋಣಿಯ ಹೊಲಿಗೆ ಬಿಚ್ಚಿರಲಿಲ್ಲ.

"ಇದನ್ನ ಎರ್ರಣ್ಣಗ ಕೊಟ್ಟಿದ್ದಿಲ್ಲೇನು?"

"ಬೇಕು ಅಂತ ಚೀಟಿ ಬರಬೇಕಲ್ರಿ. ಹಳೇದ ಭದ್ರ ಐತಿ ಅಂತ ದಿನಾ ಕಾಗದ ಬರ್ತಿತ್ತು. ನಾ ಯಾಕ ಬಿಚ್ಚಲಿ?"

ಆ ಕಾಗದಕ್ಕೆ ಭದ್ರತಾ ಪತ್ರವೆಂದು ಹೆಸರು. ಇಂಥ ಅಪಾಯದ ಕೆಲಸಕ್ಕೆ ದಿನಕ್ಕೊಂದು ಬೇಕು. ಬೆಳಿಗ್ಗೆ ಹಗ್ಗವನ್ನು ಮೊಳ ಮೊಳ ನೋಡಿ, ಮಾಮೂಲಿಗಿಂತ ಭಾರದ ಕಲ್ಲನ್ನು ಒಮ್ಮೆ ಎಳೆಸಿ, ರೈಟರು ಬರೆದು, ಮೇಸ್ತ್ರಿಯ ಹೆಬ್ಬೆಟ್ಟು ಒತ್ತಿಸಬೇಕು. ಅದಾದ ಮೇಲೆ ಆಳುಗಳು ಕಲ್ಲಿನ ಕೆಳಗೆ ಹೋಗಬಹುದು. ಕೆಂಚಣ್ಣ ತೆಗೆದುಕೊಟ್ಟ ಸೋಮವಾರದ ಪತ್ರವನ್ನು ಚಂದ್ರಣ್ಣ ನೆರಳಿಗೆ ಹಿಡಿದು ಓದಿದ. 'ಬೆಳಿಗ್ಗೆ 7 ಗಂಟೆ. ದೊಡ್ಡಬಸಮ್ಮನ ಒಂದು ಜೋಡಿ ಎತ್ತಿನಿಂದ ಭಾರ ಎಳೆಸಿ ನೋಡಲಾಯಿತು. ಹಗ್ಗ ಭದ್ರವಾಗಿದೆ.' ಅಡಿಯಲ್ಲಿ ಇನ್ನೊಂದು ಸಾಲು: ಹೊಸ ಹಗ್ಗ ಕೊಟ್ಟರೂ ಮೇಸ್ತ್ರಿ ಹಳೆಯದನ್ನೇ ಕಟ್ಟಿಸಿದನೆಂದು. ಆ ಸಾಲಿನ ಶಾಯಿ ಹೆಬ್ಬೆಟ್ಟಿನ ಗುರುತಿನ ಮೇಲೆ ಹಾದುಹೋಗಿತ್ತು.

ಎತ್ತಿನ ಒಡತಿ ದೊಡ್ಡಬಸಮ್ಮ ಹಳ್ಳದ ದಂಡೆಯಲ್ಲೇ ಸಿಕ್ಕಳು. ಜೋಗಪ್ಪ ಕೇಳಿದ: "ಸೋಮವಾರ ಮುಂಜಾನಿ ಏಳಕ್ಕ ನಿನ್ನ ಎತ್ತು ಇಲ್ಲಿದ್ದುವೇನಮ್ಮ?"

ಅವಳು ಅವನನ್ನು ಮೇಲಿನಿಂದ ಕೆಳಗಿನ ತನಕ ನೋಡಿದಳು. "ಟೋಪಿ ಹಾಕ್ಕೊಂಡ್ರ ವಾರ ಮರೀತೈತೇನು ದಫೇದಾರ? ಸೋಮವಾರ ಬಸವಣ್ಣನ ಹೆಗಲಿಗೆ ನೊಗ ಇಟ್ಟು ನಾ ಯಾವ ನರಕಕ್ಕ ಹೋಗಲಿ? ಅವತ್ತು ಮೈ ತೊಳೆದು ಮೇವು ಹಾಕಿ ಕಟ್ಟಿರ್ತೀನಿ. ಇಲ್ಲಿ ಸೋಮವಾರ ಹಗ್ಗ ಎಳಿಯೋರು ಆಳು."

"ಬ್ಯಾರೆ ದಿನ?"

"ಬಿಸಿಲೇರಿದ ಮ್ಯಾಲೆ ಹೊಡ್ಕೊಂಡು ಬರ್ತೀನಿ. ಬಂದ ಕೂಡ್ಲೆ ಕೆಲಸ. ಪರೀಕ್ಷಾ ಗಿರೀಕ್ಷಾ ನಾ ಕಂಡಿಲ್ಲ."

ಜೋಗಪ್ಪ ತಲೆ ತಗ್ಗಿಸಿದ. ಸೋಮವಾರ ಆ ಕಾಗದವನ್ನು ಅವನೂ ಓದಿದ್ದ. ಓದಿದವನಿಗೂ ವಾರ ನೆನಪಾಗಿರಲಿಲ್ಲ.

ರೈಟರು ಹಂಪಯ್ಯ ಮೈ ಬಿಸಿಯೆಂದು ಹೇಳಿ ಹಿಂದಿನ ಸಂಜೆಯೇ ಸಿರುಗುಪ್ಪದ ತನ್ನ ಮನೆಗೆ ಹೋಗಿದ್ದ. ಕಾಮಗಾರಿಯ ಬಳಿ ಅವನು ಇರುತ್ತಿದ್ದ ಗುಡಿಸಲನ್ನು ಪಂಚರ ಎದುರು ಶೋಧಿಸಿದರು. ಒಂದು ಹಾಸಿಗೆ, ಒಂದು ತಟ್ಟೆ, ಬಾಗಿಲ ಬಳಿ ಕೂತು ಕೂತು ನುಣುಪಾದ ಒಂದು ಹಲಗೆ. ತಗಡಿನ ಪೆಟ್ಟಿಗೆಯಲ್ಲಿ ದಾರ ಕಟ್ಟಿದ ಕಾಗದದ ಕಟ್ಟು ಸಿಕ್ಕಿತು. ಹನ್ನೆರಡನೇ ತಾರೀಕಿನಿಂದ ಇಪ್ಪತ್ತೊಂಬತ್ತರವರೆಗಿನ ಭದ್ರತಾ ಪತ್ರಗಳು. ಎಲ್ಲದರಲ್ಲೂ ಹಗ್ಗ ಭದ್ರವಾಗಿತ್ತು. ಎಲ್ಲದರ ಕೆಳಗೂ ಹನ್ನೊಂದರಂದು ಸತ್ತವನ ಹೆಬ್ಬೆಟ್ಟು.

ಚಂದ್ರಣ್ಣ ಒಂದೊಂದನ್ನೂ ತಿರುವಿ ಹಾಕಿದ. ಇಷ್ಟು ಅಕ್ಕರೆಯಿಂದ ಬರೆದ ಸುಳ್ಳನ್ನು ಅವನು ಕಂಡಿರಲಿಲ್ಲ. ಅಕ್ಷರ ಮುತ್ತಿನಂತೆ, ಒಂದೂ ಅವಸರದ್ದಲ್ಲ.

ಗುರುವಾರ ಹನ್ನೊಂದು ಗಂಟೆಗೆ ಸಿರುಗುಪ್ಪದಲ್ಲಿ ಬಸ್ಸಿಳಿದರು. ಹಂಪಯ್ಯ ಮನೆಯ ಕಟ್ಟೆಯ ಮೇಲೆ ಕೂತಿದ್ದ. ಐವತ್ತು ದಾಟಿದ ಒಣಕಲು ಮನುಷ್ಯ. ಪೊಲೀಸರನ್ನು ಕಂಡು ಗಾಬರಿಯಾಗಲಿಲ್ಲ. ಒಳಗೆ ಹೋಗಿ ಚಾಪೆ ತಂದು ಹಾಸಿದ.

"ಕುಂದ್ರಿ ಸಾಹೇಬ್ರ. ಮನಿಯಾಕಿ ತೀರಿದ ಮ್ಯಾಲೆ ಈ ಚಾಪಿ ಬಿಚ್ಚೇ ಇದ್ದಿಲ್ಲ."

"ಇಪ್ಪತ್ತೊಂಬತ್ತನೇ ತಾರೀಕಿನ ಪರೀಕ್ಷೆ ಯಾವಾಗ ಮಾಡಿದ್ರಿ ರೈಟರೇ?"

ಹಂಪಯ್ಯ ಚಂದ್ರಣ್ಣನ ಕೈಯಲ್ಲಿದ್ದ ಕಾಗದದ ಕಟ್ಟನ್ನು ನೋಡಿದ. "ಮಾಡಿಲ್ಲರಿ."

"ಹನ್ನೊಂದರದು?"

"ಅದೂ ಇಲ್ಲ. ದೀಪಾವಳಿ ಆದ ಮ್ಯಾಲೆ ಒಂದೂ ಇಲ್ಲ."

"ಯಾಕೆ?"

ಹಂಪಯ್ಯ ಚಾಪೆಯ ಅಂಚನ್ನು ಸರಿಮಾಡಿದ. ಚಂದ್ರಣ್ಣ ಚಿಕ್ಕಂದಿನಲ್ಲಿ ಅಜ್ಜನ ತೊಡೆಯ ಮೇಲೆ ಕೂತು ಪುರಾಣ ಕೇಳಿ ಬೆಳೆದವನು. ಓದುವವನು ಉಸಿರು ತೆಗೆದುಕೊಳ್ಳುವಾಗ ಕೇಳುವವನು ಬಾಯಿ ತೆರೆಯಬಾರದೆಂಬುದು ಅವನಿಗೆ ಆಗಲೇ ರೂಢಿಯಾಗಿತ್ತು. ಏನೋ ಕೇಳಹೊರಟ ಜೋಗಪ್ಪನನ್ನು ಕೈಸನ್ನೆಯಿಂದ ತಡೆದು, ಕಾದ.

"ಎರ್ರಣ್ಣ ಸಂಜಿಕ ಹೆಬ್ಬೆಟ್ಟು ಒತ್ತಾಕ ಬರ್ತಿದ್ದ," ಎಂದ ಹಂಪಯ್ಯ. "ಬಾಗಿಲ ಕಡೆ ಹಲಗಿ ಮ್ಯಾಲೆ ಕುಂದ್ರತಿದ್ದ. ನಾ ಬರೀತಿದ್ರ ಅವ ಮಾತಾಡ್ತಿದ್ದ. ಕಲ್ಲಿಂದು, ಊರಿಂದು, ಹೆಂಡತಿ ಬೈದಿದ್ದು. ಹಾಳಿ ಮುಗದ್ರ ಎದ್ದು ಹೋಗೋನು. ಅದಕ್ಕ ಇನ್ನೊಂದು ಹಾಳಿ ತಗೀತಿದ್ದೆ. ಮೊದಲು ನಾಳಿಂದು. ಆಮ್ಯಾಲೆ ನಾಡದ್ದಿಂದು. ಬರದಿಟ್ಟ ಮ್ಯಾಲೆ ಮುಂಜಾನಿ ಎದ್ದು ನೋಡೋದು ಏನೈತಿ ಅನ್ನಿಸ್ತು. ಹಗ್ಗ ಭದ್ರ ಐತಿ ಅಂತ ಬರದು ಬರದು ನಾನ ನಂಬಿಬಿಟ್ಟೆ."

"ಅವನಿಗೆ ಗೊತ್ತಿತ್ತೇನು?"

"ಹಾಜರಿ ಕಾಗದ ಅಂತ ಹೇಳಿದ್ದೆ. ಓದಾಕ ಬರ್ತಿದ್ದಿಲ್ಲಲ್ರಿ."

"ಹೊಸ ಹಗ್ಗ ಕೊಟ್ರೂ ಅನ್ನೋ ಕಡೀ ಸಾಲು?"

"ಅದು ಸೋಮವಾರ ಮಧ್ಯಾಹ್ನ ಬರದದ್ದು. ಹೆದರಿದೆ. ಅವನ ಬೆರಳಿನ ಮ್ಯಾಲೆ ಬರಿಯುವಾಗ ಕೈ ನಡುಗಲಿಲ್ಲ ನೋಡ್ರಿ. ಅದ ಈಗ ನಿದ್ದಿ ಕೊಡವಲ್ದು."

12-20ಕ್ಕೆ ದಸ್ತಗಿರಿ ಮಾಡಿದ್ದಾಗಿ ಬರೆದು ಚಂದ್ರಣ್ಣ ಪೆನ್ನು ಮುಚ್ಚಿದ. ಹಂಪಯ್ಯ ಆ ಪೆನ್ನನ್ನೇ ನೋಡುತ್ತಿದ್ದ.

"ಇಷ್ಟೇ ಏನ್ರಿ? ಇನ್ನೊಂದು ಹಾಳಿ ಇಲ್ಲೇನು?"

ಶುಕ್ರವಾರ ಬೆಳಿಗ್ಗೆ ಠಾಣೆಯ ಅದೇ ಮೆಟ್ಟಿಲ ಮೇಲೆ ಚಂದ್ರಣ್ಣ ವರದಿಯನ್ನು ಹೊನ್ನೂರಮ್ಮನಿಗೆ ಗಟ್ಟಿಯಾಗಿ ಓದಿದ. 'ಮೃತ ಎರ್ರಣ್ಣನ ತಪ್ಪು ಏನೂ ಇಲ್ಲ' ಎಂಬ ಸಾಲನ್ನು ಅವಳು ಮತ್ತೊಮ್ಮೆ ಓದಿಸಿದಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಹಂಪಯ್ಯ ಯಾಕೆ ಹಾಗೆ ಮಾಡಿದನೆಂಬುದನ್ನೂ ಚಂದ್ರಣ್ಣ ಮುಚ್ಚಿಡದೆ ಹೇಳಿದ. ಅವಳೆಂದಳು:

"ಹೊತ್ತು ಮಾಡಿ ಬರ್ತೀರಿ ಅಂತ ನಾ ಬೈತಿದ್ದೆರಿ. 'ಕಾಗದದ ಕೆಲಸ ಏನೂ ಇಲ್ಲಬೇ, ರೈಟರಣ್ಣ ಒಬ್ಬನ ಅದಾನ, ಬಿಟ್ಟು ಬರಾಕ ಮನಸು ಬರೂದಿಲ್ಲ' ಅಂತಿದ್ರು. ಕಾಗದ ಇಲ್ಲಾಂದ್ರೂ ಕುಂದ್ರತಿದ್ರು ಅವರು."

ಅದನ್ನು ಬರೆಯಲು ವರದಿಯಲ್ಲಿ ಜಾಗವಿರಲಿಲ್ಲ. ಕೈದಿಯನ್ನು ಬಳ್ಳಾರಿಯ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಲು ಹೊರಟವರು ಕುಡತಿನಿಯಲ್ಲಿ ಬಸ್ಸು ಬದಲಿಸಿದರು. ಅಲ್ಲಿ, ಪಕ್ಕದಲ್ಲಿ ಕೂತ ಹಂಪಯ್ಯನಿಗೆ ಚಂದ್ರಣ್ಣ ಅವಳ ಮಾತನ್ನು ಅವಳು ಆಡಿದ ಹಾಗೆಯೇ ಹೇಳಿದ.

ಹಂಪಯ್ಯ ಕಿಟಕಿಯ ಕಡೆ ತಿರುಗಿಕೊಂಡ. ಬಸ್ಸು ಬಳ್ಳಾರಿಯ ಕಂಟೋನ್ಮೆಂಟ್ ದಾಟುವಾಗ, ಯಾರಿಗೂ ಅಲ್ಲವೆಂಬಂತೆ ಅಂದ:

"ಹಂಗಾದ್ರ ಒಂದ ಹಾಳಿ ಸಾಕಾಗಿತ್ತು."