ಅಪ್ಪನ ಕಟುಂ

“ಏನು ಕಡಿದ್ರಿ, ಕಲ್ಲಾ?” ಎಂದು ಹಲ್ಲಿನ ಡಾಕ್ಟರ್ ಕೇಳಿದಾಗ ಅವಳ ಬಾಯಿ ತುಂಬ ಹತ್ತಿ ಇತ್ತು. ಇಲ್ಲದಿದ್ದರೆ ಆ ಮಾತಿಗೆ ಅಲ್ಲೇ ತಕ್ಕ ಉತ್ತರ ಸಿಗುತ್ತಿತ್ತು.

ಅವಳು ಬಸ್ ಡ್ರೈವರ್. ಬೇರೆಯವರು ಹಿಂದೇಟು ಹಾಕುವ ಇಕ್ಕಟ್ಟಿನ ತಿರುವುಗಳಲ್ಲಿ ಅಷ್ಟುದ್ದದ ಬಸ್ಸನ್ನು ಒಂದು ಗೀರೂ ಬೀಳದಂತೆ ತಿರುಗಿಸುವವಳು. ಅಂಥವಳನ್ನು ಅಂಗಾತ ಮಲಗಿಸಿ, ಬಾಯಿ ತೆರೆಸಿ, ಉತ್ತರ ಕೊಡಲಾಗದ ಹೊತ್ತಿನಲ್ಲೇ ಪ್ರಶ್ನೆ ಕೇಳುವುದು ಯಾವ ನ್ಯಾಯ?

ಹತ್ತಿ ತೆಗೆದ ಮೇಲೆ ಹೇಳಿದಳು, “ಕಲ್ಲಲ್ಲ. ಕಟುಂ.”

“ಅಂದ್ರೆ?”

“ನಮ್ಮಪ್ಪ ಮಾಡೋ ತಿಂಡಿ. ಸಕ್ಕರೆ ಕಾಯಿಸಿ, ಕಡಲೆಬೀಜ ಹಾಕಿ, ತಟ್ಟೆಗೆ ಸುರಿದು ಆರಿಸೋದು. ಕಡಿದ್ರೆ ಕಟುಂ ಅನ್ನತ್ತೆ.”

“ಹಲ್ಲೂ ಅನ್ನತ್ತೆ,” ಎಂದ ಡಾಕ್ಟರ್, ಕನ್ನಡಕದ ಮೇಲಿನಿಂದ ನೋಡುತ್ತ. “ಇನ್ಮೇಲೆ ಅದನ್ನ ಬಿಟ್ಬಿಡಿ.”

ಅವಳು ಎದ್ದು ಕೂತಳು. ಬ್ಯಾಗಿನಿಂದ ಪುಟ್ಟ ಡಬ್ಬಿ ತೆಗೆದು ಅವನ ಹೊಳೆಯುವ ಸಲಕರಣೆಗಳ ಪಕ್ಕದಲ್ಲೇ ಇಟ್ಟಳು. “ಮೊದಲು ತಿಂದು ನೋಡಿ. ಬಿಡೋ ಮಾತು ಆಮೇಲೆ.”

ಅವನಿಗೇನು ಗೊತ್ತು. ಅವಳ ಅಮ್ಮ ತೀರಿಕೊಂಡಾಗ ಅವಳಿನ್ನೂ ಫ್ರಾಕಿನ ಹುಡುಗಿ. ಅಪ್ಪ ಮನೆಗಳಿಗೆ ಬಣ್ಣ ಬಳಿಯುವವನು. ಒಲೆಯ ಮುಂದೆ ಅವನಿಗೆ ಬರುತ್ತಿದ್ದದ್ದು ಅದೊಂದೇ. ಸಂಜೆ ಉಗುರಿನ ಸಂದಿಯ ನೀಲಿ ಹಸಿರು ತಿಕ್ಕಿ ತೊಳೆದು, ಮಗಳನ್ನು ಅಡುಗೆಕಟ್ಟೆಯ ಮೇಲೆ ಕೂರಿಸಿ, ಸಕ್ಕರೆ ಕರಗುವುದನ್ನು ತೋರಿಸುತ್ತಿದ್ದ. ಸ್ಕೂಲಿನಲ್ಲಿ ಮಿಕ್ಕವರ ಡಬ್ಬಿಗಳಲ್ಲಿ ದಿನಕ್ಕೊಂದು ತರಹ. ಇವಳದರಲ್ಲಿ ವರ್ಷವಿಡೀ ಅದೇ. ಆದರೂ ಡಬ್ಬಿ ತೆರೆಯುವಾಗ ಅವಳ ತಲೆ ಒಂದು ದಿನವೂ ತಗ್ಗಲಿಲ್ಲ. “ನಮ್ಮಪ್ಪ ಮಾಡಿದ್ದು” ಎನ್ನುತ್ತಿದ್ದಳು, ಅರಮನೆಯಿಂದ ಬಂದದ್ದು ಎನ್ನುವ ಹಾಗೆ.

ಹಲ್ಲಿಗೆ ಕ್ಯಾಪ್ ಹಾಕಿಸಲು ಮತ್ತೆ ಹೋದಾಗ ಡಬ್ಬಿ ತೊಳೆದು ಒರೆಸಿ ಇಟ್ಟಿತ್ತು.

“ನರ್ಸಮ್ಮ ತಿಂದ್ರಾ?”

ಡಾಕ್ಟರ್‌ನ ಕಿವಿ ಕೆಂಪಾಯಿತು. “ಒಂದು ತಿನ್ನೋಣ ಅಂತ ಕೂತೆ. ಏಳೋ ಹೊತ್ತಿಗೆ ಡಬ್ಬಿ ಖಾಲಿ.” ಆಮೇಲೆ ತಗ್ಗಿದ ದನಿಯಲ್ಲಿ ಸೇರಿಸಿದ, “ನಮ್ಮಮ್ಮನೂ ಹಲ್ಲಿನ ಡಾಕ್ಟರೇ. ನಮ್ಮನೇಲಿ ಸಕ್ಕರೆ ಡಬ್ಬಿ ಔಷಧಿ ಬೀರುವಿನಲ್ಲಿ ಇರ್ತಿತ್ತು. ಬೀಗ ಹಾಕಿ.”

ಇಂಜೆಕ್ಷನ್ನಿಗೆ ಮರಗಟ್ಟಿದ ತುಟಿಯಲ್ಲಿ ಅವಳಿಗೆ ಅರ್ಧ ನಗುವಷ್ಟೇ ಬಂತು. ಆ ಅರ್ಧ ನಗು ನೋಡುತ್ತ ಅವನು ಕೈಯಲ್ಲಿದ್ದ ಸಲಕರಣೆ ಯಾತಕ್ಕೆ ಎತ್ತಿಕೊಂಡೆ ಎನ್ನುವುದನ್ನೇ ಮರೆತ.

ಅಂದಿನಿಂದ ಅವಳ ಬಸ್ಸಿನ ಸಂಜೆಯ ಟ್ರಿಪ್ಪಿನಲ್ಲಿ ಮುಂದಿನ ಸೀಟು ಅವನದಾಯಿತು.

“ನಿಮ್ಮನೆ ಆ ಕಡೆ ಅಲ್ವಾ?” ಅವಳು ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದಳು.

“ಹೌದು. ಸುತ್ತಿ ಬಳಸಿ ಹೋಗೋದು ಆರೋಗ್ಯಕ್ಕೆ ಒಳ್ಳೇದು.”

“ಬಸ್ಸಲ್ಲಿ ಕೂತ್ಕೊಂಡಾ?”

ಕನ್ನಡಿ ಇರುವುದು ಪ್ರಯಾಣಿಕರನ್ನು ನೋಡುವುದಕ್ಕೆ. ಅವಳು ಒಬ್ಬ ಪ್ರಯಾಣಿಕನನ್ನು ತುಸು ಹೆಚ್ಚೇ ನೋಡುತ್ತಿದ್ದಳು. ಕಣ್ಣು ಕಣ್ಣು ಸಿಕ್ಕಿದರೆ ಅವನು ಗಡಿಬಿಡಿಯಲ್ಲಿ ಹೊರಗಿನ ಅಂಗಡಿ ಬೋರ್ಡು ಓದುತ್ತಿದ್ದ. ಮೊದಲೆಲ್ಲ ಬೈದುಕೊಳ್ಳುತ್ತಿದ್ದ ಕೆಂಪು ಸಿಗ್ನಲ್ಲುಗಳು ಅವಳಿಗೆ ಈಗ ಇಷ್ಟವಾಗತೊಡಗಿದ್ದವು.

ಒಂದು ದಿನ ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದ ಮೇಲೆ ಅವನು ಹೇಳಿದ, “ಅಮ್ಮ ನಿಮ್ಮನೆಗೆ ಬರ್ತೀನಿ ಅಂತಿದಾರೆ. ನಿಮ್ಮನ್ನ, ಅಪ್ಪನ್ನ ನೋಡೋಕೆ.”

ಅವಳ ಮನಸ್ಸು ಹಗುರಾಯಿತು. ಅಷ್ಟರಲ್ಲಿ ಅವನೇ ಮುಂದುವರಿಸಿದ, “ಬೇಕರಿಯಿಂದ ಏನಾದ್ರೂ ತರ್ತೀನಿ. ಅವತ್ತೊಂದಿನ ಕಟುಂ ಬೇಡ. ಅಮ್ಮ ಏನಾದ್ರೂ ಅಂದ್ಬಿಟ್ರೆ...”

“ನಾಚಿಕೆನಾ?”

ಅವನು ಹೊರಗಿನ ಅಂಗಡಿ ಬೋರ್ಡಿನತ್ತ ತಿರುಗಿದ.

“ಆ ತಟ್ಟೆ ಮುಚ್ಚಿಟ್ರೆ ನಮ್ಮಪ್ಪನ್ನೂ ಮುಚ್ಚಿಡ್ಬೇಕು. ಅದು ನನ್ನ ಕೈಲಾಗಲ್ಲ. ಇಳೀರಿ, ಬಸ್ ಡಿಪೋಗೆ ಹೋಗ್ಬೇಕು.”

ಮರುದಿನವೂ ಅವನು ಹತ್ತಿದ, ಅದೇ ಸೀಟಿನಲ್ಲಿ ಕೂತ. ಆ ಒಂದು ಸೀಟು ಬಿಟ್ಟು ಮಿಕ್ಕೆಲ್ಲವನ್ನೂ ಕನ್ನಡಿಯಲ್ಲಿ ನೋಡುವುದನ್ನು ಅವಳು ಕಲಿತಳು. ಆಮೇಲೆ ಅವನು ಬರುವುದೇ ನಿಂತಿತು. ಖಾಲಿ ಸೀಟಿನಲ್ಲಿ ಯಾರಾದರೂ ಕೂತರೆ ಅವಳಿಗೆ ಸುಮ್ಮಸುಮ್ಮನೆ ಸಿಟ್ಟು ಬರುತ್ತಿತ್ತು.

ಹಾಗಿರುವಾಗ ಒಂದು ಸಂಜೆ ಡ್ಯೂಟಿ ಮುಗಿಸಿ ಮನೆಯ ಮೆಟ್ಟಿಲು ಹತ್ತುತ್ತಿದ್ದರೆ ಕರಕಲು ವಾಸನೆ. ಗಾಬರಿಯಿಂದ ಬಾಗಿಲು ತಳ್ಳಿದಳು. ಒಲೆಯ ಮುಂದೆ ಅಪ್ಪನ ಬಣ್ಣದ ಕಲೆಗಳ ಹಳೇ ಅಂಗಿ ತೊಟ್ಟು ಡಾಕ್ಟರ್ ನಿಂತಿದ್ದ. ಪಕ್ಕದ ಕುರ್ಚಿಯಲ್ಲಿ ಅಪ್ಪ, ಮೇಷ್ಟರ ಗತ್ತಿನಲ್ಲಿ.

“ದಿನಾ ಮಧ್ಯಾಹ್ನ ಬಂದು ಸಕ್ಕರೆ ಸುಡ್ತಿದಾನೆ ಕಣಮ್ಮ,” ಎಂದ ಅಪ್ಪ. “ಇವತ್ತೇ ಸಿಕ್ಕಿಬಿದ್ದ. ಕೈ ಪರವಾಗಿಲ್ಲ, ಕಣ್ಣೇ ಸಾಲದು. ಹೊಸ ಇಟ್ಟಿಗೆ ಬಣ್ಣ ಬಂದಾಗ ಇಳಿಸೋ ಅಂದ್ರೆ ಹಳೇ ಇಟ್ಟಿಗೆಗೆ ಇಳಿಸ್ತಾನೆ.”

ಡಾಕ್ಟರ್ ತಿರುಗಲಿಲ್ಲ. “ನಾಚಿಕೆ ಅಲ್ಲ,” ಎಂದ, ಬಾಣಲೆಗೆ ಹೇಳುವಂತೆ. “ಹೆದರಿಕೆ. ಅಮ್ಮನ ಮುಂದೆ ನಾನಿನ್ನೂ ಚಿಕ್ಕ ಹುಡುಗನೇ. ಭಾನುವಾರ ಅವರು ಬರ್ತಾರೆ. ತಟ್ಟೆ ನಾನೇ ತರ್ತೀನಿ.”

ಅವಳು ಹಿಂದಿನಿಂದ ಕೈ ಚಾಚಿ ಒಲೆಯ ಉರಿ ತುಸು ಸಣ್ಣ ಮಾಡಿದಳು.

ಭಾನುವಾರ ಡಾಕ್ಟರಮ್ಮ ಬಂದರು. ಇಸ್ತ್ರಿ ಮಾಡಿದ ಸೀರೆ, ಇಸ್ತ್ರಿ ಮಾಡಿದಂಥ ಮಾತು. ಮಗ ಒಳಗಿನಿಂದ ತಟ್ಟೆ ತಂದು ಅವರ ಮುಂದಿಟ್ಟ. “ಅಮ್ಮ, ಇದು ಕಟುಂ. ಇವರು ಇದನ್ನ ತಿಂದೇ ಬೆಳೆದಿದ್ದು. ನಾನು ಮಾಡಿದೀನಿ.”

ಡಾಕ್ಟರಮ್ಮ ತಟ್ಟೆ ನೋಡಿದರು. “ಹಲ್ಲಿಗೆ ಇದರಷ್ಟು ಕೆಟ್ಟದ್ದು ಇನ್ನೊಂದಿಲ್ಲ.”

“ನಿಜ ತಾಯಿ,” ಎಂದ ಅಪ್ಪ, ಒಂದಿಷ್ಟೂ ಕುಗ್ಗದೆ. “ಹಲ್ಲಿಗೆ ಕೆಟ್ಟದ್ದೇ. ಮಗಳಿಗೆ ಒಳ್ಳೇದಾಯ್ತು. ನೋಡಿ, ಹೆಂಗೆ ಕೂತವ್ಳೆ.”

ಅವಳು ಡ್ರೈವರ್ ಸೀಟಿನಲ್ಲಿ ಕೂತಂತೆಯೇ ಕೂತಿದ್ದಳು, ಬೆನ್ನು ನೆಟ್ಟಗೆ.

ಡಾಕ್ಟರಮ್ಮ ಅವಳನ್ನು ನೋಡಿದರು. ಆಮೇಲೆ ಮಗನ ಬೆರಳಿನ ಸುಟ್ಟ ಬೊಬ್ಬೆಗಳನ್ನು ನೋಡಿದರು. “ಇವನು ಚಿಕ್ಕೋನಿದ್ದಾಗ ತಿನ್ನೋಕೆ ಏನು ಕೇಳ್ತಿದ್ದ ಅಂತ ನಂಗೆ ನೆನಪೇ ಇಲ್ಲ,” ಎಂದರು ಮೆಲ್ಲಗೆ, ಯಾರಿಗೆಂದಿಲ್ಲದೆ. ಒಂದು ಚೂರು ಎತ್ತಿ ಬಾಯಿಗೆ ಹಾಕಿಕೊಂಡರು. ಅದು ಕಟುಂ ಎಂದಿತು.

ಅವರನ್ನು ಕಾರು ಹತ್ತಿಸಿ ಬಂದು ಡಾಕ್ಟರ್ ಮೆಟ್ಟಿಲ ಬುಡದಲ್ಲಿ ನಿಂತ. ಅವಳು ಎರಡು ಮೆಟ್ಟಿಲು ಮೇಲೆ, ಕೈಕಟ್ಟಿ ನಿಂತಿದ್ದಳು.

“ನನ್ನ ಮದುವೆ ಆಗ್ತೀರಾ?”

ಅವಳು ಅವನನ್ನು ಒಂದಿಷ್ಟು ಕಾಯಿಸಿದಳು. ಕಾಯುವುದು ಅವನ ಮುಖಕ್ಕೆ ಒಪ್ಪುತ್ತಿತ್ತು.

“ಆಗ್ತೀನಿ. ಆದ್ರೆ ಇನ್ನೊಂದ್ಸಲ ತಟ್ಟೆ ಮುಚ್ಚಿಡು ಅಂದ್ಯೋ, ನೋಡು.”

“ಅಂದ್ಯೋ ಅಂದ್ರಿ ನೀವು.”

“ಹ್ಞೂಂ, ಅಂದೆ. ಯಾಕೆ, ಮರ್ಯಾದೆ ಬೇಕಿತ್ತಾ?”

“ಬೇಡ ಕಣೇ,” ಎಂದ. ಆಡಿ ಅಭ್ಯಾಸವಿಲ್ಲದ ಆ ‘ಕಣೇ’ಗೆ ಅವನೇ ನಾಚಿ ನೆಲ ನೋಡಿದ.

ಅವಳು ಎರಡು ಮೆಟ್ಟಿಲು ಇಳಿದು ಬಂದು ಅವನ ಕೈ ಹಿಡಿದಳು. ಅಕ್ಕಪಕ್ಕದ ಬಾಗಿಲುಗಳು ತೆರೆದೇ ಇದ್ದವು. ನೋಡುವವರು ನೋಡಲಿ ಎಂದು, ಹಿಡಿದ ಕೈ ಬಿಡದೆ, ಅವನನ್ನು ಮೇಲಕ್ಕೆ ಕರೆದುಕೊಂಡು ಹೋದಳು.