ಬೇರಿಂಗ್ ಕೂತ ಸದ್ದು

"ಬರೀ ಬೇರಿಂಗ್ ಆದ್ರೆ ನಾನು ಕೊಡಲ್ಲ, ಮೇಡಂ."

ಬಿಡಿಭಾಗಗಳ ಅಂಗಡಿಯವನು ತಲೆಯನ್ನೂ ಎತ್ತದೆ ಆಡಿದ ಮಾತಿಗೆ ಅವಳ ಮೈಯೆಲ್ಲ ಉರಿದುಹೋಯಿತು.

ಬೆಳಗಿನಿಂದ ಆಸ್ಪತ್ರೆಯ ಲ್ಯಾಬಿನಲ್ಲಿ ನಲವತ್ತು ಜನರ ರಕ್ತ ತೆಗೆದು, ಊಟ ಬಿಟ್ಟು ಓಡಿಬಂದಿದ್ದಳು. ಕೌಂಟರಿನ ಮೇಲೆ ಅವಳು ಇಟ್ಟಿದ್ದು ಮನೆಯ ವಾಷಿಂಗ್ ಮೆಷಿನ್ನಿನಿಂದ ಬಿಚ್ಚಿ ತೆಗೆದ ಎರಡು ಬೇರಿಂಗ್‌ಗಳು, ಜೊತೆಗೊಂದು ರಬ್ಬರ್ ಸೀಲ್.

ಅವನು ಸೀಲನ್ನು ಬೆಳಕಿಗೆ ಹಿಡಿದು ನೋಡಿದ. ಡ್ರಮ್ಮಿನ ನೀರು ಬೇರಿಂಗಿಗೆ ಇಳಿಯದಂತೆ ತಡೆಯುವುದೇ ಇದು, ಒಳಅಂಚು ಸವೆದಿದೆ, ಇದನ್ನು ಬದಲಿಸದಿದ್ದರೆ ಹೊಸ ಬೇರಿಂಗೂ ಉಳಿಯುವುದಿಲ್ಲ ಎಂದ. ಈ ಅಳತೆಯ ಸೀಲ್ ತರಿಸಲು ಒಂದು ವಾರವಾಗುತ್ತದಂತೆ. ಅವಳ ಕಣ್ಣಿಗೆ ಸೀಲ್ ಚೆನ್ನಾಗಿಯೇ ಕಂಡಿತು.

"ಅಂದ ಹಾಗೆ, ಇದನ್ನ ಬಿಚ್ಚಿದ್ದು ಯಾರು?"

"ನಾನೇ."

ಆಗ ಅವನು ತಲೆ ಎತ್ತಿದ. ರೆಪ್ಪೆ ಹೊಡೆಯದೆ ನೋಡುತ್ತ ನಿಂತ.

'ಇವನೂ ಅದೇ ಜಾತಿ...' ಎಂದುಕೊಂಡು ಅವಳು ಬೇರಿಂಗ್‌ಗಳನ್ನು ಚೀಲಕ್ಕೆ ತುಂಬಿ ಹೊರಟೇಬಿಟ್ಟಳು.

ಅವಳ ಸಿಟ್ಟಿಗೆ ಕಾರಣವಿತ್ತು. ಹಿಂದಿನ ವಾರ ಮನೆಗೆ ಬಂದ ರಿಪೇರಿಯವನು ಮೆಷಿನ್ನನ್ನು ಮುಟ್ಟಿಯೂ ನೋಡದೆ, ಹಳೆಯದು, ಎಸೆದು ಹೊಸದು ತಗೊಳ್ಳಿ ಎಂದಿದ್ದ. ಅವಳು ಒಂದೆರಡು ಪ್ರಶ್ನೆ ಕೇಳಿದ್ದಕ್ಕೆ, ಮನೆಯಲ್ಲಿ ಗಂಡಸರು ಯಾರೂ ಇಲ್ಲವೇ ಎಂದು ವಿಚಾರಿಸಿದ್ದ. ಪಕ್ಕದ ಕೋಣೆಯ ಮಂಚದ ಮೇಲಿದ್ದ ಅಪ್ಪ ಅದನ್ನು ಕೇಳಿಸಿಕೊಂಡು ಗೋಡೆಯ ಕಡೆ ಮುಖ ತಿರುಗಿಸಿಕೊಂಡಿದ್ದರು.

ಅಪ್ಪ ಡ್ರಾಯಿಂಗ್ ಮೇಷ್ಟ್ರಾಗಿದ್ದವರು. ಪಾರ್ಶ್ವವಾಯು ಹೊಡೆದು ಒಂದು ವರ್ಷವಾಗಿತ್ತು. ಬಲಗೈ ಸ್ವಾಧೀನವಿಲ್ಲ, ಮಾತು ತಡೆತಡೆದು ಬರುತ್ತದೆ. ದಿನಕ್ಕೆ ಎರಡು ಮೂರು ಹಾಸಿಗೆ ಬಟ್ಟೆ ಒಗೆಯಲೇಬೇಕು. ಮೆಷಿನ್ ಗರಗರ ಸದ್ದು ಮಾಡಿ ಕೆಟ್ಟು ನಿಂತ ಮೇಲೆ ಅವಳು ಅವನ್ನೆಲ್ಲ ಕೈಯಲ್ಲೇ ಒಗೆಯತೊಡಗಿದಳು.

ನಾಲ್ಕನೆಯ ದಿನ ಅವಳ ಗಮನಕ್ಕೆ ಬಂತು... ಮಂಚದ ಪಕ್ಕದ ನೀರಿನ ಬಾಟಲಿ ಇಟ್ಟ ಹಾಗೇ ಇದೆ. ಮಗಳಿಗೆ ಬಟ್ಟೆ ಹೆಚ್ಚಾಗಬಾರದೆಂದು ಅಪ್ಪ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದರು.

ಅಂದೇ ಅವಳು ಸ್ಪ್ಯಾನರ್ ಹಿಡಿದಿದ್ದಳು. ಫೋನಿನಲ್ಲಿ ವಿಡಿಯೋ ಹಾಕಿಕೊಂಡು, ಪ್ರತಿ ಸ್ಕ್ರೂವನ್ನೂ ಲ್ಯಾಬಿನ ಖಾಲಿ ಡಬ್ಬಿಗಳಲ್ಲಿ ಚೀಟಿ ಅಂಟಿಸಿ ಇಟ್ಟುಕೊಂಡು, ಎದುರುಮನೆಯ ಅಕ್ಕನ ಕೈಯಲ್ಲಿ ಒಂದು ಬದಿ ಹಿಡಿಸಿ ಡ್ರಮ್ಮನ್ನು ಹೊರಗೆಳೆದಿದ್ದಳು.

ಒಂದು ವಾರ ಕಾಯುವ ತಾಳ್ಮೆ ಅವಳಿಗೆಲ್ಲಿತ್ತು? ಇನ್ನೊಂದು ಅಂಗಡಿಯಲ್ಲಿ ಕೇಳಿದ ಕೂಡಲೇ ಬೇರಿಂಗ್ ಕೊಟ್ಟರು. ಹಳೆಯ ಸೀಲನ್ನೇ ಒರೆಸಿ ಹಾಕಿದಳು. ಮೆಷಿನ್ ತಿರುಗಿತು. ಅಪ್ಪ ಎಡಗೈಯಿಂದ ಮಂಚ ತಟ್ಟಿ ಸಂತೋಷಪಟ್ಟರು.

ತಿಂಗಳು ತುಂಬುವ ಮೊದಲೇ ಮೆಷಿನ್ನಿನ ಕೆಳಗೆ ಕಂದು ಬಣ್ಣದ ನೀರು ಒಸರತೊಡಗಿತು. ಮರುದಿನ ಗರಗರ ಸದ್ದೂ ಮರಳಿತು.

'ಅವನು ಹೇಳಿದ್ದು ನಿಜವೇ ಆಗಿತ್ತು...'

ಅವಳು ಮತ್ತೆ ಆ ಮೊದಲಿನ ಅಂಗಡಿಯ ಮೆಟ್ಟಿಲು ಹತ್ತಿದಳು. ಅವನು ಅವಳನ್ನು ಕಂಡೊಡನೆ ಹಿಂದಿನ ಕಪಾಟಿನಿಂದ ಸೀಲೂ ಬೇರಿಂಗ್‌ಗಳೂ ಇದ್ದ ಒಂದು ಪೊಟ್ಟಣ ತೆಗೆದು ಮುಂದಿಟ್ಟ. ಮೇಲೆ ಪೆನ್ನಿನಲ್ಲಿ ಬರೆದಿತ್ತು: 'ತಾವೇ ಬಿಚ್ಚಿದವರು.'

"ಹೆಸರು ಗೊತ್ತಿರಲಿಲ್ಲ," ಎಂದ ಮೆಲ್ಲಗೆ. "ಅವತ್ತೇ ಆರ್ಡರ್ ಹಾಕಿದ್ದೆ."

ಕಷ್ಟವಾದರೆ ತಾನು ಬಂದು ಹಾಕಿಕೊಡಲೇ ಎಂದು ಅವನು ಕೇಳಿದ. ಬೇಡ, ನಾನೇ ಮಾಡುತ್ತೇನೆ ಎಂದಳು. ಹಾಗೆಂದಾಗ ಅವನ ಮುಖ ಅರಳಿದ್ದನ್ನು ಕಂಡು ಅವಳಿಗೆ ಅಚ್ಚರಿಯಾಯಿತು. ಅವನು ಪೊಟ್ಟಣದ ಹಿಂದೆ ಫೋನ್ ನಂಬರ್ ಬರೆದುಕೊಟ್ಟ.

ಭಾನುವಾರ ಮಧ್ಯಾಹ್ನ ಆ ನಂಬರ್ ಬೇಕೇ ಆಯಿತು. ತುಕ್ಕು ಹಿಡಿದ ಬೇರಿಂಗಿನ ಹೊರಬಳೆ ಜಾಗ ಬಿಟ್ಟು ಕದಲುತ್ತಿರಲಿಲ್ಲ. ಅವಳು ಫೋನನ್ನು ನೆಲದ ಮೇಲಿಟ್ಟು ಸ್ಪೀಕರ್ ಹಾಕಿದಳು.

ಬಿಸಿನೀರು ಹೊಯ್ದು, ಒಂದೇ ಕಡೆ ಹೊಡೆಯದೆ ಸುತ್ತಲೂ ಸಮವಾಗಿ ತಟ್ಟಿ ಎಂದ ಅವನು. ಅವಳು ಹಾಗೇ ತಟ್ಟಿದಳು. ಅರ್ಧ ಗಂಟೆಯ ನಂತರ ಬಳೆ ಠಣ್ಣೆಂದು ನೆಲಕ್ಕೆ ಬಿತ್ತು. ಹೊಸ ಬೇರಿಂಗ್‌ಗಳನ್ನು ಅವನು ಹೇಳಿದಂತೆ ಫ್ರಿಜ್ಜಿನ ಐಸಿನ ಜಾಗದಲ್ಲಿ ಮೊದಲೇ ಇಟ್ಟಿದ್ದಳು. ಈಗ ಅವನ್ನು ಒಂದೊಂದಾಗಿ ಬಳೆ ಕೂತಿದ್ದ ಗೂಡಿಗಿಟ್ಟು ಮರದ ತುಂಡಿನ ಮೇಲೆ ಸುತ್ತಿಗೆ ಹೊಡೆಯತೊಡಗಿದಳು.

ಅತ್ತ ಅವನು ಬರೀ ಕೇಳುತ್ತಿದ್ದ.

ಟಪ್... ಟಪ್... ಟಪ್... ಟಣ್.

"ಕೂತಿತು," ಎಂದ. "ಸದ್ದು ಬದಲಾಯ್ತು, ಕೇಳಿಸ್ತಾ? ಇನ್ನು ಸೀಲ್ ಹಾಕಿ."

ಅವಳು ಬೆವರು ಒರೆಸಿಕೊಂಡು ನಕ್ಕಳು. ಇಷ್ಟು ಹೊತ್ತು ಒಬ್ಬ ಮನುಷ್ಯ ತನ್ನ ಸುತ್ತಿಗೆಯ ಸದ್ದನ್ನು ಇಷ್ಟು ಗಮನಕೊಟ್ಟು ಕೇಳುತ್ತ ಕೂತಿದ್ದನಲ್ಲ... ಎದೆಯೊಳಗೆ ಏನೋ ಬೆಚ್ಚಗಾಯಿತು.

ಸಂಜೆ ಮೆಷಿನ್ ಸದ್ದಿಲ್ಲದೆ ತಿರುಗಿತು. ಅವಳು ಅಪ್ಪನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಅದರ ಮುಂದೆ ತಂದು ನಿಲ್ಲಿಸಿದಳು. ಅಪ್ಪ ಗಾಜಿನೊಳಗೆ ಸುತ್ತುತ್ತಿದ್ದ ಹೊದಿಕೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ತಾವಾಗಿ ನೀರು ಕೇಳಿ, ಲೋಟ ಪೂರ್ತಿ ಕುಡಿದರು.

ಅವಳು ಬಚ್ಚಲಿಗೆ ಹೋಗಿ ಸದ್ದಾಗದಂತೆ ಅತ್ತಳು.

ಮುಂದಿನ ವಾರ ಅವಳೇ ಅವನನ್ನು ಮನೆಗೆ ಕರೆದಳು. ಅಪ್ಪ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದ ಕಥೆಯನ್ನು ಅವನಿಗೂ ಶುರುಮಾಡಿದರು. ಒಂದೊಂದು ಶಬ್ದಕ್ಕೂ ಒದ್ದಾಡುತ್ತಿದ್ದರು. ಬಂದವರೆಲ್ಲ ತಾಳ್ಮೆಗೆಟ್ಟು ತಾವೇ ವಾಕ್ಯ ಮುಗಿಸಿಬಿಡುವುದು ರೂಢಿ. ಇವನು ಮಾತ್ರ ಕುರ್ಚಿ ಹತ್ತಿರ ಎಳೆದುಕೊಂಡು, ಏನೂ ಗೊತ್ತಿಲ್ಲದವನಂತೆ, ಪ್ರತಿ ಮಾತಿಗೂ ಕಾದ.

"ಡ್ರಮ್... ಪೂರ್ತಿ... ಬಿಚ್ಚಿದ್ದು... ನನ್ನ ಮಗಳು," ಎಂದು ಅಪ್ಪ ಕೊನೆಗೂ ಮುಗಿಸಿದರು. ಅವರ ಕುತ್ತಿಗೆ ನೆಟ್ಟಗಾಗಿತ್ತು. ಹಿಂದೆ ಶಾಲೆಯ ಮಕ್ಕಳ ಚಿತ್ರಗಳಿಗೆ ಬಹುಮಾನ ಬಂದಾಗ ಅವರು ಹೀಗೇ ತಲೆ ಎತ್ತಿ ನಿಲ್ಲುತ್ತಿದ್ದರು.

ಬಾಗಿಲಲ್ಲಿ ನಿಂತಿದ್ದ ಅವಳು ಅಪ್ಪನನ್ನು ನೋಡಿದಳು, ಅವನನ್ನು ನೋಡಿದಳು. ಮನಸ್ಸು ಅಲ್ಲೇ ತೀರ್ಮಾನ ಮಾಡಿಯಾಗಿತ್ತು.

ಅವನು ಹೊರಡುವಾಗ ಅವಳು ಅಂಗಳದ ಗೇಟಿನವರೆಗೂ ಬಂದಳು. ತಂತಿಯ ಮೇಲೆ ಬಿಳಿ ಹೊದಿಕೆಗಳು ಒಣಗುತ್ತಿದ್ದವು.

"ಮೊದಲ ದಿನ ನೀವು ನನ್ನನ್ನ ಹೀಯಾಳಿಸಿದ್ರಿ ಅಂದ್ಕೊಂಡಿದ್ದೆ," ಎಂದಳು. "ಹಾಗೆ ದುರುಗುಟ್ಟಿ ನೋಡಿದ್ರಲ್ಲ..."

ಅವನು ಕಿವಿಯವರೆಗೂ ಕೆಂಪಾದ. ಎಂಟು ವರ್ಷದಿಂದ ಕೌಂಟರಿನಲ್ಲಿ ಕೂತಿದ್ದೇನೆ, ತಾವೇ ಡ್ರಮ್ ಬಿಚ್ಚಿ ಬೇರಿಂಗ್ ತಂದ ಇನ್ನೊಬ್ಬರನ್ನು ಕಂಡಿಲ್ಲ, ಅದಕ್ಕೇ ಅಂದು ಹಾಗೆ ನೋಡುತ್ತ ನಿಂತುಬಿಟ್ಟೆ ಎಂದ. ಆಮೇಲೆ ಚಪ್ಪಲಿಯನ್ನೇ ನೋಡುತ್ತ ಮುಂದುವರಿಸಿದ.

"ನಿಮ್ಮ ಕೆಲಸ ನೀವೇ ಮಾಡ್ಕೋತೀರ. ನನ್ನ ಅಗತ್ಯ ನಿಮಗಿಲ್ಲ ಅಂತ ಗೊತ್ತು. ಆದ್ರೂ... ನಿಮ್ಮ ಜೊತೆ ಬದುಕಬೇಕು ಅನ್ಸುತ್ತೆ."

ಅವಳು ಅವನ ಕೈಯನ್ನು ತನ್ನ ಕೈಗೆ ತೆಗೆದುಕೊಂಡಳು.

"ಅಗತ್ಯ ಇಲ್ಲ, ನಿಜ," ಎಂದಳು. "ಆದ್ರೆ ನೀವು ಬೇಕು."

"ಹಾಗಾದ್ರೆ... ನಾಳೆ ಬರ್ಲಾ?"

"ನಾಳೆ ಯಾಕೆ? ಅಪ್ಪ ಇನ್ನೂ ಏನೇನೋ ಹೇಳೋದಿದೆ ಅಂತಿದ್ರು. ಇವತ್ತು ಊಟ ಮಾಡ್ಕೊಂಡೇ ಹೋಗಿ."